ಬ್ಲೀಚಿಂಗ್ ಹಾಕಿದರೂ ಬಾವಿ ನೀರು ಸರಿಹೋಗುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಗೋವಾದ ವಾಸ್ಕೋ, ಝುವಾರಿನಗರ, ಮಡಗಾಂವ್, ಮಾಪ್ಸಾ ಕಡೆ ನಮ್ಮ ಕನ್ನಡದವರು ಇರುವ ಎಷ್ಟೋ ಚಾಳುಗಳಲ್ಲಿ ನೀರಿನ ವ್ಯವಸ್ಥೆ ಒಂದೇ ಥರ. ಹಿಂದುಗಡೆ ಒಂದು ತೆರೆದ ಬಾವಿ, ಅದಕ್ಕೊಂದು ಪಂಪು, ಸ್ಲ್ಯಾಬಿನ ಮೇಲೆ ಕಪ್ಪು ಟಾಕಿ, ಕೆಳಗೆ ಸಾಲಾಗಿ ನಳಗಳು. ಸರ್ಕಾರಿ ನೀರು ಬಂದರೆ ಬಂತು, ಇಲ್ಲದಿದ್ದರೆ ಬಾವಿಯೇ ಗತಿ. ಆ ಬಾವಿಯ ಉಸ್ತುವಾರಿ ಚಾಳಿನಲ್ಲಿ ಯಾರೋ ಒಬ್ಬರ ಹೆಗಲಿಗೆ ಬಿದ್ದಿರುತ್ತದೆ. ಇದನ್ನು ಬರೆದದ್ದು ಅವರಿಗಾಗಿ.

ಬಾವಿಗೆ ಪೌಡರ್ ಸುರಿದರೆ ಕೆಲಸ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಟಾಕಿಯಿಂದ ಅತಿ ದೂರದ ನಳದಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಎನ್ನುವುದನ್ನು ನೋಡುವ ತನಕ ಏನೂ ಮುಗಿದಿಲ್ಲ. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ, ನಿಜ. ಆದರೆ ಕೆಸರು, ತುಕ್ಕು, ಕೊಳೆತ ಎಲೆ, ಗಟಾರದ ನೀರು ಎಲ್ಲದರ ಮೇಲೂ ಅದು ಖರ್ಚಾಗುತ್ತದೆ. ಎಲ್ಲ ಖರ್ಚಾದ ಮೇಲೂ ಸ್ವಲ್ಪ ಉಳಿದರೆ ಮಾತ್ರ ನೀರು ಕುಡಿಯಲು ಸುರಕ್ಷಿತ ಎಂಬ ಭರವಸೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಹೇಳುವುದು ಇಷ್ಟು: ಉಳಿದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ವೈರಸ್ ಭಯ ಇದ್ದರೆ ಕನಿಷ್ಠ 0.5 ಇರಬೇಕು. 1 ದಾಟಬಾರದು. ಲೀಟರಿಗೆ ಒಂದು ಮಿಲಿಗ್ರಾಂ ಅಂದರೆ ಒಂದು ಪಿಪಿಎಂ, ಕ್ಲೋರಿನ್ ಅಳೆಯುವ ಕಿಟ್ಟಿನ ಡಬ್ಬಿಯ ಮೇಲೆ ಇದೇ ಬರೆದಿರುತ್ತದೆ. ಕೊನೆಯ ನಳದಲ್ಲಿ 0.5 ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪೌಡರ್ ಮುಟ್ಟುವ ಮೊದಲು

ಕೈಗವಸು ಹಾಕಿ, ಕಣ್ಣಿಗೆ ಕನ್ನಡಕ ಇರಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಪ್ಲಾಸ್ಟಿಕ್ ಬಕೆಟ್ಟೇ ಬೇಕು. ಮೊದಲು ನೀರು, ಆಮೇಲೆ ಪೌಡರ್, ಸ್ವಲ್ಪ ಸ್ವಲ್ಪವಾಗಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್, ಫಿನಾಯಿಲ್, ಬೇರೆ ಕಂಪನಿಯ ಕ್ಲೋರಿನ್ ಗುಳಿಗೆ ಯಾವುದನ್ನೂ ಇದರ ಜೊತೆ ಬೆರೆಸಬೇಡಿ. ಆ್ಯಸಿಡ್ ಬಿದ್ದರೆ ವಿಷಗಾಳಿ ಏಳುತ್ತದೆ. ಕೆಲವು ಗುಳಿಗೆಗಳ ಜೊತೆ ಸೇರಿದರೆ ಸಿಡಿಯಲೂಬಹುದು. ಅದೇ ಅಳತೆ ಚಮಚವನ್ನು ಎರಡಕ್ಕೂ ಬಳಸುವುದೂ ಬೇಡ.

ಪಂಪಿನ ಹತ್ತಿರ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಬಾವಿಯೊಳಗೆ ಯಾರನ್ನೂ ಇಳಿಸಬೇಡಿ. ಇದರ ಬಗ್ಗೆ ಮುಂದೆ ಇನ್ನೊಮ್ಮೆ ಹೇಳುತ್ತೇನೆ.

ಲಕ್ಷಣ: ಕೊನೆಯ ನಳದ ನೀರಿನಲ್ಲಿ ಕ್ಲೋರಿನ್ ಕಾಣುವುದೇ ಇಲ್ಲ

ಎಲ್ಲರಿಗೂ ಹೆಚ್ಚಾಗಿ ಎದುರಾಗುವ ತೊಂದರೆ ಇದೇ. ಕಾರಣಗಳು ಹಲವು. ಖರ್ಚಿಲ್ಲದ್ದರಿಂದ ಶುರುಮಾಡೋಣ.

ಮೊದಲು ಕಿಟ್ ನೋಡಿ. ಹಳದಿ ಬಣ್ಣ ಬರುವ ಓಟಿ (ಆರ್ಥೋಟೊಲಿಡಿನ್) ಹನಿ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಅದರ ಮೇಲಿನ ತಾರೀಖು ಮುಗಿದಿದೆಯೇ? ಬಾಟಲಿ ಬಿಸಿಲಿನ ಕಿಟಕಿಯಲ್ಲಿ ಇತ್ತೇ? ಹನಿ ಹಾಕಿದ ತಕ್ಷಣ ಬಣ್ಣ ನೋಡಬೇಕು. ಹಾಗೇ ಬಿಟ್ಟರೆ ಬಣ್ಣ ಏರುತ್ತಾ ಹೋಗುತ್ತದೆ, ಲೆಕ್ಕ ತಪ್ಪುತ್ತದೆ. ಗುಲಾಬಿ ಬಣ್ಣದ ಡಿಪಿಡಿ ಗುಳಿಗೆ ಸ್ವಲ್ಪ ದುಬಾರಿ, ಆದರೆ ಹೆಚ್ಚು ನಂಬಬಹುದು. ಅದರಲ್ಲೂ ಒಂದು ವಿಚಿತ್ರ ಇದೆ. ಕ್ಲೋರಿನ್ ವಿಪರೀತ ಜಾಸ್ತಿ ಇದ್ದರೆ ಗುಲಾಬಿ ಒಂದು ಕ್ಷಣ ಮಿಂಚಿ ಅಳಿಸಿಹೋಗುತ್ತದೆ, ಪರೀಕ್ಷೆಯ ಕೊಳವೆಯಲ್ಲಿ ನೀರು ಮತ್ತೆ ಬಣ್ಣವಿಲ್ಲದೆ ಕಾಣುತ್ತದೆ. ನೀರಿನಲ್ಲಿ ಏನೂ ಇಲ್ಲ ಅಂದುಕೊಂಡು ಇನ್ನಷ್ಟು ಪೌಡರ್ ಸುರಿದವರಿದ್ದಾರೆ. ಅನುಮಾನ ಬಂದರೆ ಒಂದು ಲೋಟ ನಳದ ನೀರಿಗೆ ಒಂಬತ್ತು ಲೋಟ ಕ್ಲೋರಿನ್ ಇಲ್ಲದ ಶುದ್ಧ ನೀರು ಸೇರಿಸಿ ಮತ್ತೆ ನೋಡಿ. ಆಗ ಬಣ್ಣ ಬಂದರೆ ಕ್ಲೋರಿನ್ ಅತಿಯಾಗಿದೆ ಎಂದೇ ಅರ್ಥ. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿಬಿಡಿ. ಓಟಿ ಹನಿ ವಿಷ, ಮಕ್ಕಳ ಕೈಗೆ ಸಿಗಬಾರದು.

ಎರಡನೆಯದು ಪೌಡರ್. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ಚೀಲ ಬಿಚ್ಚಿ ಗಾಳಿಗೆ ಬಿಟ್ಟರೆ ಅದು ಹಾರಿಹೋಗುತ್ತದೆ. ಗೋವಾದ ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಮುಟ್ಟಿ ನೋಡಿ: ಒಳ್ಳೆಯದಾದರೆ ಒಣಗಿ ಉದುರುದುರಾಗಿದ್ದು ಮೂಗಿಗೆ ಚುರುಕ್ ಎನ್ನುತ್ತದೆ. ಕೆಟ್ಟದ್ದು ಗಂಟುಗಂಟಾಗಿ, ಒದ್ದೆ ಸುಣ್ಣದ ಹಾಗೆ ಕೈಗೆ ಅಂಟುತ್ತದೆ, ವಾಸನೆಯೂ ಕಡಿಮೆ. ಅಂಥದ್ದನ್ನು ಗಟಾರಕ್ಕೆ ಬಳಸಿ, ಕುಡಿಯುವ ನೀರಿಗೆ ಬೇಡ. ಚಿಕ್ಕ ಪ್ಯಾಕೆಟ್ ತನ್ನಿ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೆರಳಿನಲ್ಲಿ ಇಡಿ. ಹೀಗೆ ಇಟ್ಟರೂ ಲೆಕ್ಕ ಹಾಕುವಾಗ 25% ಎಂದೇ ಹಿಡಿಯಿರಿ.

ಮೂರನೆಯದು, ಎಲ್ಲಿ ಹಾಕುತ್ತಿದ್ದೀರಿ? ಬಾವಿಗೆ ಹಾಕುವುದು ರೂಢಿ. 1000 ಲೀಟರಿಗೆ 2.5 ಗ್ರಾಂ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ನೀರು ಸ್ವಚ್ಛವಾಗಿದ್ದು ಪೌಡರ್ ಹೊಸದಾಗಿದ್ದರೆ ಅದು ಸಾಕು. ಆದರೆ ಬೆಳಗ್ಗೆ ಪಂಪು ಓಡಿದ ಹಾಗೆ ಬಾವಿಗೆ ಹೊಸ ಊಟೆ ನೀರು ಬರುತ್ತಲೇ ಇರುತ್ತದೆ, ಹಾಕಿದ್ದು ತೆಳುವಾಗುತ್ತದೆ. ಬಾವಿಗೆ ಹಾಕುವುದಾದರೆ ರಾತ್ರಿ ಹಾಕಿ, ಕನಿಷ್ಠ ಒಂದು ಗಂಟೆ ನೀರು ಎತ್ತಬೇಡಿ.

ಮಡಕೆ ಕಟ್ಟಿದ್ದೇವಲ್ಲ ಎನ್ನುವವರೂ ಇದ್ದಾರೆ. ಒಂದರೊಳಗೊಂದು ಎರಡು ಮಡಕೆ ಇಟ್ಟು, 1 ಕಿಲೋ ಪೌಡರಿಗೆ 2 ಕಿಲೋ ದಪ್ಪ ಮರಳು ಬೆರೆಸಿ ನೀರಿನಲ್ಲಿ ಇಳಿಬಿಡುವ ಈ ವಿಧಾನವನ್ನು ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ (NEERI) ರೂಪಿಸಿತು. ಒಳ್ಳೆಯ ವಿಧಾನವೇ. ಆದರೆ ಅದು ಸುಮಾರು 4500 ಲೀಟರ್ ನೀರಿರುವ, ದಿನಕ್ಕೆ 400 ಲೀಟರ್ ಆಸುಪಾಸು ಸೇದುವ ಮನೆಬಾವಿಯ ಅಳತೆ. ಪಂಪಿನಿಂದ ಸಾವಿರಾರು ಲೀಟರ್ ಎತ್ತುವ ಚಾಳಿನ ಬಾವಿಗೆ ಅದು ಎಲ್ಲಿಯೂ ಸಾಲದು.

ಟಾಕಿಗೆ ಹಾಕುವುದೇ ಮೇಲು. ಟಾಕಿ ಎಷ್ಟು ಲೀಟರಿನದು ಎಂದು ಗೊತ್ತು, ನೀರನ್ನು ತಡೆದು ನಿಲ್ಲಿಸಲೂ ಬರುತ್ತದೆ. ತುಂಬುತ್ತಿರುವಾಗ ಹಾಕಿದರೆ ತಾನೇ ಬೆರೆಯುತ್ತದೆ. ತುಂಬಿದ ಮೇಲೆ ಕೆಳಗಿನ ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆ ಕಾಯದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಬೆಳಗ್ಗೆ ಆರಕ್ಕೆ ಜನ ಕೊಡ ಹಿಡಿದು ನಿಂತಿರುತ್ತಾರೆ, ಅವಸರ ಮಾಡುತ್ತಾರೆ, ಗೊತ್ತು. ಐದೂವರೆಗೆ ಮುಗಿಸಿಕೊಳ್ಳಿ.

ಇಷ್ಟಾದರೂ ಬಣ್ಣ ಬರದಿದ್ದರೆ, ನಿಮ್ಮ ನೀರು ಎಷ್ಟು ಕ್ಲೋರಿನ್ ತಿನ್ನುತ್ತದೆ ಎಂದು ಅಳೆಯಬೇಕು. ಇದಕ್ಕೆ ನಾಲ್ಕು ಬಕೆಟ್, ಸೂಜಿ ತೆಗೆದ ಒಂದು ಸಿರಿಂಜ್ ಸಾಕು.

ಒಂದು ಲೀಟರ್ ನೀರಿಗೆ 40 ಗ್ರಾಂ ಪೌಡರ್ ಕದಡಿ. ಸುಣ್ಣ ತಳಕ್ಕೆ ಇಳಿಯಲಿ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಾಟಲಿಗೆ ತೆಗೆಯಿರಿ. ಇದು ಹೆಚ್ಚು ಕಡಿಮೆ ಒಂದು ಶೇಕಡಾದ ಕ್ಲೋರಿನ್ ನೀರು. ನಾಲ್ಕು ಬಕೆಟ್ಟಿನಲ್ಲಿ ತಲಾ 20 ಲೀಟರ್ ಬಾವಿ ನೀರು ಹಿಡಿದು ಸಾಲಾಗಿ 1, 2, 4, 6 ಮಿಲೀ ತಿಳಿ ಹಾಕಿ, ಕಲಕಿ, ಮುಚ್ಚಿ. 1 ಮಿಲೀ ಅಂದರೆ ಅರ್ಧ ಪಿಪಿಎಂ. ಅರ್ಧ ಗಂಟೆ ಬಿಟ್ಟು ನಾಲ್ಕನ್ನೂ ಪರೀಕ್ಷಿಸಿ. ಯಾವ ಬಕೆಟ್ಟಿನಲ್ಲಿ 0.5ರ ಹತ್ತಿರ ಉಳಿದಿದೆಯೋ ಅದೇ ನಿಮ್ಮ ಅಳತೆ. ಅದನ್ನು 50ರಿಂದ ಗುಣಿಸಿದರೆ 1000 ಲೀಟರ್ ಟಾಕಿಯ ಲೆಕ್ಕ ಸಿಗುತ್ತದೆ. ಉದಾಹರಣೆಗೆ 4 ಮಿಲೀ ಬಕೆಟ್ ಸರಿ ಬಂದರೆ 1000 ಲೀಟರಿಗೆ 200 ಮಿಲೀ ತಿಳಿ.

ಮಳೆಗಾಲ ಶುರುವಾದಾಗ, ಮಧ್ಯೆ, ಮುಗಿದಾಗ ಈ ಪರೀಕ್ಷೆಯನ್ನು ಮತ್ತೆ ಮಾಡಿ. ಮೇ ತಿಂಗಳ ಅಳತೆ ಜುಲೈಗೆ ನಡೆಯುವುದಿಲ್ಲ. 6 ಮಿಲೀ ಹಾಕಿದ ಬಕೆಟ್ಟಿನಲ್ಲೂ ಏನೂ ಉಳಿಯದಿದ್ದರೆ ಪೌಡರ್ ಹೆಚ್ಚಿಸುವುದನ್ನು ಅಲ್ಲಿಗೇ ನಿಲ್ಲಿಸಿ. ನೀರಿಗೆ ಏನೋ ಸೇರುತ್ತಿದೆ. ಮೊದಲು ಅದನ್ನು ಹುಡುಕಬೇಕು.

ಲಕ್ಷಣ: ಟಾಕಿಯಲ್ಲಿ ಇದೆ, ನಳದಲ್ಲಿ ಇಲ್ಲ

ಹೀಗಾದರೆ ದೋಷ ನಡುವಿನ ಪೈಪಿನಲ್ಲಿದೆ. ಟಾಕಿಯ ಬಾಯಿ, ಮೊದಲ ನಳ, ನಡುವಿನದು, ಕೊನೆಯದು, ಹೀಗೆ ಒಂದೊಂದರಲ್ಲೂ ಪರೀಕ್ಷೆ ಮಾಡುತ್ತಾ ಹೋಗಿ. ಎಲ್ಲಿ ಬಣ್ಣ ಒಮ್ಮೆಲೇ ಕುಸಿಯುತ್ತದೋ ಅದರ ಹಿಂದಿನ ತುಂಡಿನಲ್ಲೇ ಏನೋ ಇದೆ.

ಇಲ್ಲಿನ ಕೆಂಪು ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಸ್ವಲ್ಪ ಹುಳಿ ಗುಣದ್ದು. ಕ್ಲೋರಿನ್ ಕೆಲಸಕ್ಕೆ ಅದು ಅನುಕೂಲವೇ. ಕಬ್ಬಿಣದ ಹಳೆ ಪೈಪಿಗೆ ಮಾತ್ರ ಕೇಡು. ಒಳಗೆ ತುಕ್ಕು ಕಟ್ಟುತ್ತದೆ, ಆ ತುಕ್ಕು ಕ್ಲೋರಿನ್ ನುಂಗುತ್ತದೆ. ಪೈಪು ಬದಲಿಸುವ ಮೊದಲು ಕೊನೆಯ ನಳವನ್ನು ಪೂರ್ತಿ ತಿರುಗಿಸಿ ಹತ್ತು ನಿಮಿಷ ಜೋರಾಗಿ ಬಿಟ್ಟು ನೋಡಿ. ಎಷ್ಟೋ ಸಲ ತಳದ ಕೆಸರು ಹೋಗಿ ಸರಿಯಾಗುತ್ತದೆ.

ಇದಕ್ಕಿಂತ ಅಪಾಯದ್ದು ಗಟಾರದಲ್ಲಿ ಹಾದುಹೋಗುವ ಪೈಪು. ಚಾಳಿನಲ್ಲಿ ಇದು ಸಾಮಾನ್ಯ. ಗಟಾರದ ಅಂಚಿಗೇ ಪೈಪು, ಅದರ ಜೋಡಿಗೆ ರಬ್ಬರ್ ಟ್ಯೂಬ್ ಸುತ್ತಿ ತಂತಿ ಕಟ್ಟಿರುತ್ತಾರೆ. ನೀರು ಬಿಟ್ಟಾಗ ಅಲ್ಲಿಂದ ಸಣ್ಣಗೆ ಚಿಮ್ಮುತ್ತದೆ. ನೀರು ಸೋರುತ್ತಿದೆ ಅಷ್ಟೇ ಎಂದು ಬಿಡುತ್ತೇವೆ, ಅಲ್ವಾ? ವಾಲ್ವ್ ಮುಚ್ಚಿದಾಗ ಪೈಪು ಖಾಲಿಯಾಗುತ್ತದೆ, ಆಗ ಅದೇ ತೂತಿನಿಂದ ಗಟಾರದ ನೀರು ಒಳಗೆ ಎಳೆದುಕೊಳ್ಳುತ್ತದೆ. ಬೆಳಗಿನ ಮೊದಲ ಕೊಡಕ್ಕೆ ವಾಸನೆ, ಆಮೇಲಿನದಕ್ಕೆ ಇಲ್ಲ ಎಂದು ಹೆಂಗಸರು ಹೇಳಿದರೆ ಇದನ್ನೇ ಮೊದಲು ನೋಡಿ. ಅವರ ಮೂಗು ಕಿಟ್ಟಿಗಿಂತ ಮುಂಚೆ ಹೇಳುತ್ತದೆ. ಆ ತುಂಡನ್ನು ಗಟಾರದಿಂದ ಎತ್ತಿ ಗೋಡೆಗೆ ಹಾಕಿಸುವ ತನಕ ಎಷ್ಟು ಪೌಡರ್ ಹಾಕಿದರೂ ಪ್ರಯೋಜನ ಇಲ್ಲ. ಈ ಕೆಲಸಕ್ಕೆ ದುಡ್ಡು ಇಲ್ಲ ಎಂದು ಚಾಳಿನ ಮಾಲೀಕರು ಹೇಳಿದರೆ ಬಿಡಬೇಡಿ, ಕೂತು ಮಾತಾಡಿ.

ಟಾಕಿಯ ಮುಚ್ಚಳ ಒಡೆದಿದ್ದರೆ ಬಿಸಿಲಿಗೂ ಕ್ಲೋರಿನ್ ಹೋಗುತ್ತದೆ, ಪಾಚಿಯೂ ಬೆಳೆಯುತ್ತದೆ. ಓವರ್‌ಫ್ಲೋ ಪೈಪಿನ ಬಾಯಿಗೆ ಜಾಳಿಗೆ ಇಲ್ಲದಿದ್ದರೆ ಹಲ್ಲಿ, ಇಲಿ ಇಳಿಯುತ್ತವೆ.

ಲಕ್ಷಣ: ಕ್ಲೋರಿನ್ ವಾಸನೆ ಜಾಸ್ತಿ ಎಂದು ಜನ ಬೈಯುತ್ತಾರೆ, ಅಳತೆ ಕಡಿಮೆ ತೋರಿಸುತ್ತದೆ

ವಾಸನೆ ಇದ್ದರೆ ಕ್ಲೋರಿನ್ ಜಾಸ್ತಿಯಾಯಿತು ಎಂದು ಪೌಡರ್ ಕಡಿಮೆ ಮಾಡುವುದು ಸಹಜ. ಇಲ್ಲಿ ಒಂದು ಕ್ಷಣ ನಿಲ್ಲಿ. ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಅದರ ಜೊತೆ ಕೂಡಿಕೊಳ್ಳುತ್ತದೆ. ಹಾಗೆ ಕೂಡಿದ್ದಕ್ಕೆ ವಾಸನೆ ಕಟುವಾಗಿರುತ್ತದೆ, ರೋಗಾಣು ಕೊಲ್ಲುವ ಶಕ್ತಿ ಬಹಳ ಕಡಿಮೆ. ಓಟಿ ಹನಿ ಹಾಕಿದ ತಕ್ಷಣ ಬಣ್ಣ ಇಲ್ಲ, ಕೆಲವು ನಿಮಿಷದ ಮೇಲೆ ಹಳದಿ ಏರಿತು ಎಂದರೆ ಇದೇ ಸೂಚನೆ. ಡಿಪಿಡಿಯಲ್ಲಿ ಎರಡು ಗುಳಿಗೆಯ ಕಿಟ್ ಇದ್ದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಅಮೋನಿಯಾ ಎಲ್ಲಿಂದ ಬಂತು? ಚಾಳಿನ ಬಾವಿಯಲ್ಲಿ ಉತ್ತರ ಹೆಚ್ಚಾಗಿ ಒಂದೇ: ಕಕ್ಕಸಿನ ಗುಂಡಿ ಅಥವಾ ದನದ ಕೊಟ್ಟಿಗೆ. ಬಾವಿಗೂ ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಇರಬೇಕು ಎನ್ನುತ್ತಾರೆ. ಜಂಬಿಟ್ಟಿಗೆಯಲ್ಲಿ ಒಳಗೆಲ್ಲ ತೂತು, ನೀರು ಸೋಸದೆ ಓಡುತ್ತದೆ, ಹಾಗಾಗಿ 15 ಮೀಟರ್ ಇದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಜೂನ್ ಕಳೆದ ಮೇಲೆ ಬಾವಿಯ ನೀರು ಕೈಗೆಟಕುವಷ್ಟು ಏರುತ್ತದೆ, ಗುಂಡಿಯೂ ಅದೇ ಮಟ್ಟದಲ್ಲಿ ತುಂಬಿರುತ್ತದೆ.

ಈ ಲಕ್ಷಣ ಕಂಡರೆ ಆ ದಿನದಿಂದಲೇ ಕುಡಿಯಲು ಆ ನೀರು ಕೊಡಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಪ್ರಯೋಗಾಲಯದಲ್ಲಿ ಅಮೋನಿಯಾ, ನೈಟ್ರೇಟ್, ಇ. ಕೋಲಿ (ಮಲದ ಸೋಂಕು ತೋರಿಸುವ ಬ್ಯಾಕ್ಟೀರಿಯಾ) ಮೂರನ್ನೂ ನೋಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಎಳೆ ಮಕ್ಕಳಿಗೆ ಅಪಾಯ. ಕ್ಲೋರಿನ್ ಅದನ್ನು ತೆಗೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.

ಲಕ್ಷಣ: ಮಳೆ ಸುರಿದ ಮೇಲೆ ನೀರು ಕದಡಿದೆ

ಕದಡಿದ ನೀರಿಗೆ ಕ್ಲೋರಿನ್ ಹಾಕುವುದು ವ್ಯರ್ಥ. ರೋಗಾಣು ಮಣ್ಣಿನ ಕಣಗಳ ಮರೆಯಲ್ಲಿ ಉಳಿಯುತ್ತದೆ. ಬಾವಿಯ ಕಟ್ಟೆ ಸುತ್ತ ಒಂದು ಸುತ್ತು ಬನ್ನಿ. ಕಟ್ಟೆ ಬಿರುಕು ಬಿಟ್ಟಿದೆಯೇ, ಬಟ್ಟೆ ಒಗೆದ ನೀರು ಒಳಕ್ಕೆ ಜಿನುಗುತ್ತಿದೆಯೇ, ಅಂಗಳದ ಇಳಿಜಾರು ಬಾವಿಯ ಕಡೆಗಿದೆಯೇ ಎಂದು ಮಳೆ ಬರುತ್ತಿರುವಾಗಲೇ ನೋಡಬೇಕು. ಸಿಮೆಂಟ್ ಒಂದು ಚೀಲದಲ್ಲಿ ಮುಗಿಯುವ ಕೆಲಸ ಇದು. ಬಾವಿ ತಿಳಿಯಾಗುವ ತನಕ ಪಂಪು ಓಡಿಸುವುದನ್ನು ಕಡಿಮೆ ಮಾಡಿ. ಕುಡಿಯುವಷ್ಟು ನೀರನ್ನು ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಕುದಿಸಿಕೊಳ್ಳಲು ಹೇಳಿ.

ಲಕ್ಷಣ: ಬಾವಿಯಲ್ಲಿ ತಿಳಿ, ಬ್ಲೀಚಿಂಗ್ ಹಾಕಿದ ಮೇಲೆ ಕೆಂಪು

ಇದು ಕಬ್ಬಿಣ. ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ, ಕ್ಲೋರಿನ್ ತಾಗಿದ ಕೂಡಲೇ ತುಕ್ಕಾಗಿ ಹೊರಬರುತ್ತದೆ. ಚಹಾ ಕಪ್ಪಗಾಗುತ್ತದೆ, ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ. ಜನ ಬ್ಲೀಚಿಂಗ್ ಮೇಲೆ ಸಿಟ್ಟಾಗುತ್ತಾರೆ, ನಿಲ್ಲಿಸಿ ಎನ್ನುತ್ತಾರೆ. ನಿಲ್ಲಿಸಬೇಡಿ. ಒಂದು ಟಾಕಿಯಲ್ಲಿ ಬ್ಲೀಚಿಂಗ್ ಹಾಕಿ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರನ್ನು ಎರಡನೆಯ ಟಾಕಿಗೆ ತೆಗೆದು, ಅಲ್ಲಿ ಕ್ಲೋರಿನ್ ಮತ್ತೆ ಅಳೆಯಿರಿ. ಕಬ್ಬಿಣ ಬಹಳ ಇದ್ದರೆ ಅದನ್ನು ತೆಗೆಯುವ ಫಿಲ್ಟರ್ ಬೇಕಾಗುತ್ತದೆ.

ಲಕ್ಷಣ: ಕೊಳೆತ ಮೊಟ್ಟೆ ವಾಸನೆ

ಬಾವಿಯ ತಳದಲ್ಲಿ ಎಲೆ, ಕೆಸರು ಕೊಳೆಯುತ್ತಿದೆ ಎಂದು ಅರ್ಥ. ಸ್ವಲ್ಪ ಇದ್ದರೆ ಕ್ಲೋರಿನ್ನಿಗೇ ಹೋಗುತ್ತದೆ. ಹೋಗದಿದ್ದರೆ ಬಾವಿ ಸ್ವಚ್ಛ ಮಾಡಿಸಬೇಕು, ಅದು ನಿಮ್ಮ ಕೆಲಸ ಅಲ್ಲ. ಬಾವಿಯ ತಳದಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು. ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಇಳಿದವರೂ ಉಳಿಯುವುದಿಲ್ಲ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸುವುದಂತೂ ಸಾವಿಗೇ ಕರೆ ಕೊಟ್ಟ ಹಾಗೆ. ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯದೆ 112ಕ್ಕೆ ಫೋನ್ ಮಾಡಿ.

ಲಕ್ಷಣ: ಕ್ಲೋರಿನ್ ಸರಿ ಇದೆ, ಪರೀಕ್ಷೆಯ ಬಾಟಲಿ ಕಪ್ಪಾಗುತ್ತದೆ ಅಥವಾ ಮಕ್ಕಳಿಗೆ ಭೇದಿ

ನೀರಿನ ಸೋಂಕು ನೋಡುವ ಎಚ್‌ಟುಎಸ್ ಬಾಟಲಿಯಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೋಂಕಿನ ಅನುಮಾನ. ನೀರಿಗೆ ಮೊದಲೇ ಮೊಟ್ಟೆ ವಾಸನೆ ಇದ್ದರೆ ಸುಮ್ನೆ ಕಪ್ಪಾಗಲೂಬಹುದು. ನಳದ ಬಾಯಿಗೆ ಕಟ್ಟಿದ ಪ್ಲಾಸ್ಟಿಕ್ ಕೊಳವೆಯಿಂದ ಹಿಡಿದಿದ್ದರೂ ಹೀಗಾಗುತ್ತದೆ. ಕೊಳವೆ ತೆಗೆದು, ನಳ ಒರೆಸಿ, ಒಂದೆರಡು ನಿಮಿಷ ನೀರು ಬಿಟ್ಟು ಮತ್ತೆ ಹಿಡಿಯಿರಿ. ಪ್ರಯೋಗಾಲಯಕ್ಕೆ ಕೊಡುವುದಾದರೆ ಅವರೇ ಕೊಡುವ ಬಾಟಲಿ ಬೇಕು. ಅದರಲ್ಲಿ ಕ್ಲೋರಿನ್ ಅಡಗಿಸುವ ಪುಡಿ ಇರುತ್ತದೆ, ತೊಳೆಯಬೇಡಿ. ತಂಪಾಗಿಟ್ಟು ಅದೇ ದಿನ ತಲುಪಿಸಿ.

ನಳದ ನೀರು ಸರಿ ಬಂದು ಮನೆಯ ಕೊಡದ ನೀರು ಕೆಟ್ಟಿದ್ದರೆ ದೋಷ ಮನೆಯಲ್ಲಿದೆ. ಮುಚ್ಚದ ಕೊಡ, ಕೈ ಅದ್ದುವ ಲೋಟ. ಹಿಡಿಕೆ ಉದ್ದ ಇರುವ ಸೌಟು ಇಡಲು ಹೇಳಿ.

ನಳದ್ದೇ ಕೆಟ್ಟಿದ್ದರೆ ಇಡೀ ವ್ಯವಸ್ಥೆಗೆ ಒಮ್ಮೆ ಬಲವಾದ ಕ್ಲೋರಿನ್ ಕೊಡಬೇಕು. ಬಾವಿಯ ನೀರಿನ ಲೆಕ್ಕ ಹೀಗೆ: ವ್ಯಾಸವನ್ನು ವ್ಯಾಸದಿಂದ, ಅದನ್ನು ನೀರಿನ ಆಳದಿಂದ, ಎಲ್ಲ ಮೀಟರಿನಲ್ಲಿ, ಕೊನೆಗೆ 785ರಿಂದ ಗುಣಿಸಿ. 3 ಮೀಟರ್ ಅಗಲ, 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. 50 ಪಿಪಿಎಂ ಬರಲು 25% ಪೌಡರ್ 5.6 ಕಿಲೋ ಬೇಕು. ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ಕದಡಿ, ತಿಳಿಯನ್ನು ಬಾವಿಯ ಗೋಡೆಗೆ ತಾಗುವಂತೆ ಸುರಿಯಿರಿ. ಪಂಪು ಓಡಿಸಿ ಪ್ರತಿ ನಳದಲ್ಲೂ ವಾಸನೆ ಬಂದ ಮೇಲೆ ಮುಚ್ಚಿ, ಕನಿಷ್ಠ 12 ಗಂಟೆ ಬಿಡಿ. ಪ್ರತಿ ನಳಕ್ಕೂ ಕುಡಿಯಬೇಡಿ ಎಂಬ ಚೀಟಿ, ಕನ್ನಡ, ಕೊಂಕಣಿ, ಹಿಂದಿ ಮೂರರಲ್ಲೂ. ಆಮೇಲೆ ಆ ನೀರನ್ನು ಬಯಲು ನೆಲಕ್ಕೆ ಬಿಡಿ. ಗದ್ದೆ, ತೋಡು, ಮೀನಿನ ಕೆರೆ, ಕಕ್ಕಸಿನ ಗುಂಡಿಗೆ ಬೇಡ. ಅಳತೆ 1ಕ್ಕಿಂತ ಕೆಳಗೆ ಇಳಿದ ಮೇಲೂ ಪ್ರಯೋಗಾಲಯದ ಉತ್ತರ ಬರುವ ತನಕ ಕುದಿಸಿಯೇ ಕುಡಿಯಲಿ.

ಒಂದಕ್ಕಿಂತ ಹೆಚ್ಚು ಮನೆಯಲ್ಲಿ ಭೇದಿ ಅಥವಾ ಕಾಮಾಲೆ ಕಂಡರೆ ಈ ಪರೀಕ್ಷೆಗಳಿಗೆ ಕಾಯಬೇಡಿ. ಅದೇ ಹೊತ್ತಿಗೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಭೇದಿಯಾದವರಿಗೆ ಓಆರ್‌ಎಸ್ ಶುರುಮಾಡಿ. ಸುಸ್ತಾಗಿ ಮೂತ್ರ ಕಡಿಮೆಯಾದ ಮಗುವನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಫೋನ್ ಮಾಡಿ.

ಲಕ್ಷಣ: ಉಪ್ಪು, ಎಣ್ಣೆ ಪೊರೆ, ಪೆಟ್ರೋಲ್ ವಾಸನೆ

ಬೇಸಿಗೆಯಲ್ಲಿ ಕಡಲಿನ ಹತ್ತಿರದ ಬಾವಿ ಉಪ್ಪಾದರೆ ಪಂಪು ಓಡಿಸುವುದನ್ನು ಕಡಿಮೆ ಮಾಡಿ ನೋಡಬಹುದು. ಕ್ಲೋರಿನ್ ಉಪ್ಪು ತೆಗೆಯುವುದಿಲ್ಲ.

ಪೆಟ್ರೋಲ್ ವಾಸನೆ ಬೇರೆಯೇ ವಿಷಯ. ವಾಸ್ಕೋ ಸುತ್ತ ಇಂಧನದ ಟಾಕಿಗಳೂ ಪೈಪುಗಳೂ ಇವೆ. ಆ ವಾಸನೆ ಬಂದರೆ ಬ್ಲೀಚಿಂಗ್ ಹಾಕಬೇಡಿ, ಕುದಿಸಬೇಡಿ, ಪಂಪಿನ ಸ್ವಿಚ್ ಮುಟ್ಟಬೇಡಿ. ಬೀಡಿ, ಒಲೆ, ಬೆಂಕಿಕಡ್ಡಿ ಯಾವುದೂ ಹತ್ತಿರ ಸುಳಿಯದಿರಲಿ. ಜನರನ್ನು ದೂರ ಕಳಿಸಿ ಅಗ್ನಿಶಾಮಕದವರಿಗೆ ತಿಳಿಸಿ. ಅಧಿಕಾರಿಗಳು ಬಂದಾಗ ಎಂದಿನಿಂದ ವಾಸನೆ, ಯಾವ ನಳದಲ್ಲಿ ಮೊದಲು, ಪಂಪು ಕೊನೆಯ ಬಾರಿ ಯಾವಾಗ ಓಡಿತು ಎಂದು ಕೇಳುತ್ತಾರೆ. ದಿನವೂ ಕ್ಲೋರಿನ್ ಅಳತೆ ಬರೆದಿಡುವ ನೋಟ್‌ಬುಕ್ಕಿನಲ್ಲೇ ಇದನ್ನೂ ಬರೆದು ಅವರ ಕೈಗೆ ಕೊಡಿ.